ನೈಋತ್ಯದ ಖೋಲಿಯ ಬಿರುಕು

ಅಪ್ಪನ ತಂಗಿ, ನನ್ನ ಅತ್ತೆ, ನಮ್ಮ ಮನೆಯ ನೈಋತ್ಯ ಮೂಲೆಯ ಖೋಲಿಯಲ್ಲಿ ಇರುತ್ತಾಳೆ. ಗಂಡ ತೀರಿಕೊಂಡ ಮೇಲೆ ಗಂಡನ ಊರು ಸುಳ್ಳದಿಂದ ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ತೆಗೆದುಕೊಂಡು ಹುಬ್ಬಳ್ಳಿಗೆ ಬಂದವಳು. ಆ ಖೋಲಿಗೆ ಓಣಿಯ ಕಡೆ ಬೇರೆಯೇ ಒಂದು ಬಾಗಿಲಿದೆ. ಮಧ್ಯಾಹ್ನದ ಮೇಲೆ ಆ ಬಾಗಿಲಿನಿಂದ ಓಣಿಯ ಹೆಣ್ಣುಮಕ್ಕಳು ಬಂದು ಅವಳ ಹತ್ತಿರ ಜಂಪರ್, ಅಂದರೆ ರವಿಕೆ, ಹೊಲಿಯುವುದನ್ನು ಕಲಿಯುತ್ತಾರೆ. ಪಶ್ಚಿಮದ ಕಿಟಕಿಯ ಬೆಳಕು ಹೊತ್ತು ಮುಳುಗುವ ತನಕ ಯಂತ್ರದ ಮೇಲೆ ಬೀಳುತ್ತದೆ. ಅದೇ ಕಿಟಕಿಯ ಮೂಲೆಯಿಂದ ಒಂದು ಬಿರುಕು ಓರೆಯಾಗಿ ಮೇಲಕ್ಕೆ, ಛಾವಣಿಯ ಕಡೆಗೆ ಹೋಗುತ್ತದೆ. ಕಳೆದ ವರ್ಷ ಯುಗಾದಿ ಮುಗಿದ ವಾರದಲ್ಲಿ ಆ ಬಿರುಕಿಗೆ ಅತ್ತೆಯೇ ಕಾರಣ ಎಂದು ನಮ್ಮ ಮನೆ ತೀರ್ಮಾನಿಸಿತು.

ನಾನು ಓದಿದ್ದು ಭೂವಿಜ್ಞಾನ. ಧಾರವಾಡದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ರವಿವಾರ ಯಾರಾದರೂ ಕರೆದರೆ ಶಾಲೆಗಳಿಗೆ, ಮಹಿಳಾ ಮಂಡಳಗಳಿಗೆ ಹೋಗಿ ವಿಜ್ಞಾನದ ವಿಷಯ ಹೇಳಿ ಬರುತ್ತೇನೆ. ಒಂದು ಬಾವಿಯ ನೀರು ಸಿಹಿ, ಪಕ್ಕದ ಬಾವಿಯದು ಸವುಳು ಏಕೆ, ಉಪ್ಪಿನಬೆಟಗೇರಿಯ ಹೊಲದ ಮಣ್ಣು ಕಪ್ಪಗಿದ್ದರೆ ಧಾರವಾಡದ ದಿಬ್ಬದ ಮಣ್ಣು ಕೆಂಪಗೇಕೆ, ಇಂಥವು. ಅಪರಿಚಿತರ ಮುಂದೆ ನನಗೆ ಮಾತು ಬರುತ್ತದೆ. ಮನೆಯಲ್ಲಿ ಬರುವುದಿಲ್ಲ. ಮನೆಯಲ್ಲಿ ವಿವರಣೆಯನ್ನು ಎದುರುತ್ತರ ಎನ್ನುತ್ತಾರೆ.

ಮನೆ ಕಟ್ಟಿಸಿದವನು ಅಜ್ಜ. ಅಮರಗೋಳದ ಯಾರ್ಡಿನಲ್ಲಿ ಹತ್ತಿ, ಕಾಳುಕಡಿ ವ್ಯಾಪಾರ ಮಾಡುತ್ತಿದ್ದವನು. ಈ ಜಾಗ ಆಗ ಊರಿನ ಅಂಚಿನ ಹೊಲ. ಅಜ್ಜ ಒಂದು ಮುಷ್ಟಿ ಮಣ್ಣು ಎತ್ತಿ, ಹಿಚುಕಿ, ಮೂಸಿ ನೋಡಿ, “ಎರಿ ಅಂದ್ರ ಎರಿ. ಬಂಗಾರ,” ಎಂದನಂತೆ. ಈ ಕಥೆಯನ್ನು ನಮ್ಮಲ್ಲಿ ಹಬ್ಬದ ಊಟಕ್ಕೆ ಕೂತಾಗೆಲ್ಲ ಅಭಿಮಾನದಿಂದ ಹೇಳುತ್ತಾರೆ. ಅದು ಹೊಲ ಕೊಳ್ಳುವವನ ಮಾತು, ಮನೆ ಕಟ್ಟುವವನ ಮಾತಲ್ಲ ಎಂದು ಯಾರಿಗೂ ಅನಿಸಿಲ್ಲ. ಬುನಾದಿ ತೋಡುವಾಗ ಕೆಳಗಿನ ಗಟ್ಟಿ ಗರಸು ನೆಲ ಹತ್ತುವ ತನಕ ಇಳಿಯಬೇಕೆಂದು ಮೇಸ್ತ್ರಿ ಹೇಳಿದ್ದನಂತೆ. ಅಷ್ಟು ಛಲೋ ಮಣ್ಣನ್ನು ತೆಗೆದು ಹೊರಗೆ ಚೆಲ್ಲಲು ಅಜ್ಜನಿಗೆ ಮನಸ್ಸಾಗಲಿಲ್ಲ. ಬುನಾದಿ ಎರೆಯಲ್ಲೇ, ಆ ಕಪ್ಪು ಮಣ್ಣಿನಲ್ಲೇ ನಿಂತಿತು.

ಎರೆಯ ಮಣ್ಣಿನ ಜಿಗುಟು ಕಣಗಳು ಕಡಕ್ ರೊಟ್ಟಿಯ ಒಟ್ಟಿಲಿನ ಹಾಗೆ ಪದರ ಪದರವಾಗಿ ಇರುತ್ತವೆ. ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳು. ಎರಡು ಪದರಗಳ ನಡುವಿನ ಹಿಡಿತ ಸಡಿಲ. ನೀರು ಅಲ್ಲಿ ನುಗ್ಗಿ ಅವನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ನೀರು ಆರಿದರೆ ಪದರಗಳು ಮತ್ತೆ ಹತ್ತಿರ ಬರುತ್ತವೆ, ಮಣ್ಣು ಕುಗ್ಗುತ್ತದೆ. ಬೇಸಿಗೆಯಲ್ಲಿ ನಮ್ಮ ಸೀಮೆಯ ಹೊಲಗಳಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದು ಇದರಿಂದಲೇ. ಹತ್ತಿಗೆ ಇದು ವರ, ಏಕೆಂದರೆ ಅಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವ ಮಣ್ಣು ಬೇರೆ ಇಲ್ಲ. ಮನೆಗೆ ಮಾತ್ರ ಇದು ಉಸಿರಾಡುವ ಹಾಸಿಗೆ. ಹಾಸಿಗೆ ಇಡಿಯಾಗಿ ಒಂದೇ ಸಮ ಏರಿ ಇಳಿದರೆ ಮನೆಯೂ ಏರಿ ಇಳಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಒಂದು ಮೂಲೆ ಮಾತ್ರ ಇಳಿದರೆ ಗೋಡೆ ಸೀಳುತ್ತದೆ.

ಇದನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೆ. ನಮ್ಮ ಪಡಸಾಲೆಯಲ್ಲಿ ಹೇಳಿರಲಿಲ್ಲ.

ವಾಸ್ತು ನೋಡುವ ಪಂಡಿತರನ್ನು ಕರೆಸಿದವರು ಕಾಕಾ, ಅಪ್ಪನ ತಮ್ಮ. ಶರಣರು ದಿಕ್ಕು, ಮುಹೂರ್ತ ನೋಡಬೇಡಿರೆಂದು ಹೇಳಿಹೋದರು ಎನ್ನುವ ಭಾಷಣಗಳಿಗೆ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವ ಮನೆ ನಮ್ಮದು. ಕಾಕಾ ಮುಂಜಾನೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಅದೇ ಹಣೆಯಲ್ಲಿ ಪಂಡಿತರನ್ನು ಬಾಗಿಲಲ್ಲಿ ಎದುರುಗೊಂಡರು. ಪಂಡಿತರು ದಿಕ್ಸೂಚಿ ಹಿಡಿದು ಮನೆಯೆಲ್ಲ ತಿರುಗಿ ಅತ್ತೆಯ ಖೋಲಿಯ ಪರದೆಯ ಮುಂದೆ ನಿಂತರು.

“ನೈಋತ್ಯ ಅಂದ್ರ ಯಜಮಾನನ ಸ್ಥಾನ ಅದ. ಇಲ್ಲಿ ಯಾರಿರ್ತಾರ?”

“ನಮ್ಮ ಅಕ್ಕ ಇರ್ತಾಳ್ರಿ,” ಎಂದರು ಕಾಕಾ.

“ಒಬ್ಬರೇ?”

“ಒಬ್ಬಾಕಿನ.”

“ಯಾವಾಗ ಬಂದ್ರು? ಬಿರಕ ಯಾವಾಗ ಬಿತ್ತು?”

ಅಪ್ಪ ಲೆಕ್ಕ ಹಾಕಿದರು. ಅಪ್ಪ ಸುಳ್ಳು ಹೇಳುವವರಲ್ಲ. “ಆಕಿ ಬಂದ ಮರುವರ್ಷ ಬ್ಯಾಸಿಗ್ಯಾಗ ಕಂಡಿತ್ರಿ. ಆಮ್ಯಾಲ ವರ್ಷಾ ಸಿಮೆಂಟ್ ತುಂಬ್ತೇವಿ, ವರ್ಷಾ ಬಿಡ್ತೈತಿ.”

ಪಂಡಿತರು ಇನ್ನೇನೂ ಸೇರಿಸಬೇಕಾಗಿರಲಿಲ್ಲ. ಆ ಖೋಲಿಯಲ್ಲಿ ದಂಪತಿ ಇರಬೇಕು ಎಂದರು. ಕಾಕಾನ ಮಗನ ಮದುವೆ ದೀಪಾವಳಿ ಮುಗಿದ ಮೇಲೆ ಎಂದು ನಿಶ್ಚಯವಾಗಿತ್ತು. ಸುಳ್ಳದಲ್ಲಿ ಅತ್ತೆಯ ಮೈದುನನ ಮನೆಯ ಹಿಂದೆ, ಕಾಳಿನ ಚೀಲ ಒಟ್ಟುವ ಕಡೆ ಒಂದು ಖೋಲಿ ಖಾಲಿ ಇದೆ ಎಂದು ಕಾಕಾನಿಗೆ ಆಗಲೇ ಗೊತ್ತಿತ್ತು. ಶ್ರಾವಣ ಹತ್ತುವುದರೊಳಗೆ ಅವಳು ಅಲ್ಲಿಗೆ ಹೋಗಬೇಕು. ಹೊಲಿಗೆ ಕಲಿಯುವ ಹೆಣ್ಣುಮಕ್ಕಳ ಮಾತು ಯಾರೂ ಎತ್ತಲಿಲ್ಲ.

ಅತ್ತೆ ಪರದೆಯ ಆಚೆ ಇದ್ದಳು. ಯಂತ್ರದ ಸಪ್ಪಳ ಯಾವಾಗ ನಿಂತಿತೋ ತಿಳಿಯದು. ತುಸು ಹೊತ್ತಿಗೆ ಟ್ರೇ ಹಿಡಿದುಕೊಂಡು ಬಂದಳು.

“ಚಾ ತಗೋರಿ ಪಂಡಿತ್ರ. ಹೆದರಬ್ಯಾಡ್ರಿ, ನೈಋತ್ಯದ ಖೋಲ್ಯಾಗ ಮಾಡಿದ್ದಲ್ಲ, ಅಡಗಿಮನ್ಯಾಗ ಮಾಡೀನಿ.”

ಪಂಡಿತರು ನಕ್ಕರು. ಕಾಕಾ ನಗಲಿಲ್ಲ. ಅಂದು ಅತ್ತೆ ಹೊಲಿಯಲಿಲ್ಲ. ಯಂತ್ರಕ್ಕೆ ಮುಸುಕು ಹಾಕಿ, ಅದರ ಮೇಲೆ ಕೈ ಇಟ್ಟು ಕೂತಿದ್ದಳು. ಅವಳು ಅತ್ತಿದ್ದರೆ ನಾನು ಸಮಾಧಾನ ಹೇಳಿ ನನ್ನ ಕೆಲಸ ಮುಗಿಯಿತೆಂದು ಎದ್ದು ಹೋಗುತ್ತಿದ್ದೆನೇನೋ. ಅವಳು ಅಳಲಿಲ್ಲ.

ಊಟಕ್ಕೆ ಕೂತಾಗ ಹೇಳಿದೆ. “ಬಿರಕಕ್ಕ ಅತ್ತಿ ಕಾರಣ ಅಲ್ರಿ.”

“ಮತ್ತ ಯಾರ್ರಿ ಬಾಯಾರ?” ಕಾಕಾ ನನಗೆ ಬಾಯಾರೇ, ಅಂದರೆ ಟೀಚರಮ್ಮ, ಎನ್ನುವುದು ನಾನು ಪಾಠ ಹೇಳುವವಳೆಂಬ ಗೌರವಕ್ಕಲ್ಲ.

“ಮಣ್ಣು.”

“ಮಣ್ಣು ನಮ್ಮಪ್ಪನ ಕಾಲದಿಂದ ಐತಿ. ಅವಾಗ ಬೀಳದ್ದು ಈಗ್ಯಾಕ ಬಿತ್ತು? ಹೇಳ್ರಿ ನೋಡೂಣು.”

ಅದು ಒಳ್ಳೆಯ ಪ್ರಶ್ನೆ. ಸಭೆಯಲ್ಲಿ ಯಾರಾದರೂ ಕೇಳಿದ್ದರೆ ಮೆಚ್ಚುತ್ತಿದ್ದೆ. ಅತ್ತೆ ಬಂದದ್ದು ನಿಜ, ಮರುವರ್ಷ ಗೋಡೆ ಬಿರಿದದ್ದೂ ನಿಜ. ಎರಡು ಸಂಗತಿಗಳು ಒಂದರ ಹಿಂದೆ ಒಂದು ಬಂದರೆ ಮೊದಲನೆಯದು ಎರಡನೆಯದನ್ನು ಹೆತ್ತಿತು ಎಂದಲ್ಲ. ಎರಡನ್ನೂ ಹೆತ್ತ ಮೂರನೆಯದೊಂದು ಇರಬಹುದು. ಆದರೆ ಇರಬಹುದು ಎಂದರೆ ಸಾಲದು, ಅದನ್ನು ತೋರಿಸಬೇಕು. ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ.

“ಗೊತ್ತಿಲ್ರಿ,” ಎಂದೆ. “ಶ್ರಾವಣದ ತನಕ ಟೈಮ್ ಕೊಡ್ರಿ. ಈ ಸಲ ಬಿರಕಕ್ಕ ಯಾರೂ ಸಿಮೆಂಟ್ ತುಂಬಬ್ಯಾಡ್ರಿ. ಮಳಿ ಛಲೋ ಆದ ಮ್ಯಾಲ ಅದು ತಾನ ಮುಚ್ಚತೈತಿ. ಅತ್ತಿ ಖೋಲ್ಯಾಗ ಇದ್ದಾಗನ ಮುಚ್ಚತೈತಿ.”

“ಮುಚ್ಚದಿದ್ರ?”

“ನಾನ ಅತ್ತಿ ಟ್ರಂಕು ಹೊತ್ಕೊಂಡು ಸುಳ್ಳಕ್ಕ ಬಿಟ್ಟು ಬರ್ತೇನಿ.”

ಅತ್ತೆ ತಟ್ಟೆಯಿಂದ ತಲೆ ಎತ್ತಿ, “ನನ್ನ ಕೇಳದ ನನ್ನ ಟ್ರಂಕು ಹೊರಾಕ ನಿಂತಿ?” ಎಂದಳು. ಅಪ್ಪ ಮಾತ್ರ ತಲೆಯಾಡಿಸಿದರು. ಶ್ರಾವಣದ ತನಕ ನೋಡೋಣ ಎಂದಾಯಿತು.

ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಒಂದು ಹಳೆಯ ಉಪಾಯವಿದೆ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತುವುದು. ಗೋಡೆ ಸರಿದರೆ ಗಾಜು ಸೀಳುತ್ತದೆ. ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯಿಂದ ಪಟ್ಟಿ ಕೊಯ್ಯಿಸಿ ತಂದು ಮೆತ್ತಿದೆ. ಮೇ ತಿಂಗಳ ಬಿಸಿಲಿಗೆ ಅದು ಸೀಳಿತು. ನನಗೆ ಸಂತೋಷ, ಗೋಡೆ ನಾನು ಹೇಳಿದ ಹಾಗೆ ಮಾತಾಡಿತ್ತು. ಆದರೆ ಮನೆಯಲ್ಲಿ ಅದು ಬೇರೆಯೇ ಸುದ್ದಿಯಾಯಿತು. ಯಾರೂ ಮುಟ್ಟದೆ ಮನೆಯೊಳಗೆ ಗಾಜು ಒಡೆದಿದೆ, ಅದೂ ಆ ಖೋಲಿಯಲ್ಲೇ. ಕಾಕಾ ಪಂಡಿತರಿಗೆ ಫೋನು ಹಚ್ಚಿದರು. ನಾನು ಅಳೆಯಲು ಇಟ್ಟದ್ದೇ ಅಪಶಕುನವಾಗಿ ಅತ್ತೆಯ ತಲೆಯ ಮೇಲೆ ಕೂತಿತು. ಗಾಜು ಕಿತ್ತು, ಬಿರುಕಿನ ಆಚೆ ಈಚೆ ಪೆನ್ಸಿಲಿನಿಂದ ಎರಡು ಗೀಟು ಎಳೆದು, ಅವುಗಳ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆಯತೊಡಗಿದೆ. ಪೆನ್ಸಿಲು ಗೀಟಿನಲ್ಲಿ ಶಕುನ ನೋಡುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ.

ಒಂದು ಮುಂಜಾನೆ ಅತ್ತೆ ಹಿತ್ತಲಿನಿಂದ ಒಂದು ಬೊಗಸೆ ಮಣ್ಣು ತಂದಳು. “ನಿಮ್ಮ ಸಭಾದಾಗ ಹೇಳ್ತೀಯಲ್ಲ, ಅದನ್ನ ನನಗ ತೋರ್ಸು. ಬಾಯಿಮಾತು ಬ್ಯಾಡ.” ಮಣ್ಣಿಗೆ ನೀರು ಹಾಕಿ ನಾದಿ, ರೊಟ್ಟಿಯ ಹಾಗೆ ತಟ್ಟಿ, ಸ್ಟೀಲು ತಾಟಿನ ಅಂಚು ಮುಟ್ಟುವ ಹಾಗೆ ಹಚ್ಚಲು ಹೇಳಿದೆ. ಇನ್ನೊಂದು ತಾಟಿನಲ್ಲಿ ನಾನು ಧಾರವಾಡದಿಂದ ತಂದ ಮಸಾರಿ, ಅಂದರೆ ಕೆಂಪು ಮಣ್ಣು. ಎರಡನ್ನೂ ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆವು. ಒಣಗಿದ ಮೇಲೆ ನೋಡಿದರೆ ಮಸಾರಿ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು. ಎರೆ ತಾಟಿನ ಅಂಚು ಬಿಟ್ಟು ಒಳಸರಿದು, ನಡುವೆ ಸೀಳಿ, ಅಂಚು ಮೇಲೆದ್ದು ಕೂತಿತ್ತು.

ಅತ್ತೆ ಒಂದು ತುಂಡನ್ನು ಎತ್ತಿ ತಿರುಗಿಸಿ ನೋಡಿದಳು. ನೀರು ಚಿಮುಕಿಸಿದಳು. ಕಾದಳು. ಸೀಳು ಕೂಡಿಕೊಳ್ಳತೊಡಗಿತು.

“ಇಷ್ಟ ಏನು?” ಎಂದಳು. “ಇಷ್ಟಕ್ಕ ನನ್ನ ಊರು ಬಿಡಸಾಕತ್ತಾರ?”

ಅವಳು ಆ ತಾಟನ್ನು ಪಡಸಾಲೆಗೆ ತಂದು ಕಾಕಾ ಪೇಪರ್ ಓದುವ ಕುರ್ಚಿಯ ಪಕ್ಕ ಇಟ್ಟಳು. ಅದು ಅಲ್ಲಿ ಬಹಳ ದಿನ ಇತ್ತು. ಯಾರೂ ತೆಗೆಯಲಿಲ್ಲ.

ಆದರೂ ಕಾಕಾನ ಪ್ರಶ್ನೆ ಹಾಗೇ ಇತ್ತು. ಈಗ್ಯಾಕ ಬಿತ್ತು? ಆ ಮೂಲೆಯ ಹೊರಗೆ ಅಜ್ಜ ನೆಟ್ಟ ಪತ್ರಿ ಗಿಡವಿದೆ. ಪೂಜೆಗೆ ಬಿಲ್ವಪತ್ರಿ ದಿನವೂ ಅದರಿಂದಲೇ, ಮತ್ತು ಅದನ್ನು ದಿನವೂ ಬಿಡಿಸುವವಳು ಅತ್ತೆಯೇ. ಗಿಡ ಬೇರಿನಿಂದ ನೀರು ಎಳೆಯುತ್ತದೆ, ಬೇಸಿಗೆಯಲ್ಲಿ ಬುಡದ ಎರೆಯನ್ನು ಒಣಗಿಸುತ್ತದೆ. ಗಿಡದ ಮೇಲೆ ನನಗೆ ಮೊದಲಿಂದಲೂ ಸಂಶಯ. ಆದರೆ ಗಿಡಕ್ಕೆ ಅಪ್ಪನಷ್ಟೇ ವಯಸ್ಸು. ಅದು ಅತ್ತೆಯ ಜೊತೆ ಬಂದದ್ದಲ್ಲ.

ಉತ್ತರ ಅಜ್ಜಿಯ ಹತ್ತಿರ ಇತ್ತು, ಆದರೆ ಅಜ್ಜಿ ಅದನ್ನು ಹೇಳಲು ಸಿದ್ಧಳಿರಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಅತ್ತೆ ಬಂದ ವರ್ಷ ಈ ಮನೆಯಲ್ಲಿ ಬೇರೆ ಏನು ಬದಲಾಯಿತು ಎಂದು ಕೇಳಿದೆ.

“ಏನಿಲ್ಲವಾ. ಬಚ್ಚಲಾ ಹೊಸಾದು ಮಾಡಿಸಿದ್ರು, ಮಂದಿ ಹೆಚ್ಚಾದ್ರು ಅಂತ. ಕೆಂಪು ಪೈಪು ಹಾಕಿ ನೀರೆಲ್ಲಾ ರಸ್ತೆದ ಗಟಾರಕ್ಕ ಬಿಟ್ರು.”

“ಅದಕ್ಕಿಂತ ಮೊದಲ ಬಚ್ಚಲ ನೀರು ಎಲ್ಲಿಗೆ ಹೋಗ್ತಿತ್ತು ಅಜ್ಜಿ? ಪತ್ರಿ ಗಿಡಕ್ಕ?”

ಅಜ್ಜಿಯ ಕೈ ನಿಂತಿತು. “ಬಾಯಾಗ ಹುಳಾ ಬೀಳ್ತಾವ ನೋಡು! ಪತ್ರಿ ಗಿಡಕ್ಕ ಯಾರರ ಬಚ್ಚಲ ನೀರು ಹಾಕ್ತಾರೇನ? ಶಿವನ ಗಿಡ ಅದು!”

“ಮತ್ತ ಎಲ್ಲಿಗೆ?”

“ಬಾಳಿ ಗಿಡಕ್ಕ.”

“ಬಾಳಿ ಗಿಡ ಎಲ್ಲಿತ್ತು?”

ಅಜ್ಜಿ ಇನ್ನೊಂದು ಶೇಂಗಾ ಒಡೆದಳು. ಕಡೆಗೆ ಶೇಂಗಾ ಸಿಪ್ಪೆ ಹಿಡಿದ ಕೈಯಿಂದ ಪತ್ರಿ ಗಿಡದ ಆಚೆಯ ತಗ್ಗನ್ನು ತೋರಿಸಿದಳು. ಒಂದು ಮಾರು ದೂರವೂ ಇಲ್ಲ.

“ಬೇರಿಗೆ ಮೈಲಿಗಿ ಗೊತ್ತಿರೂದಿಲ್ಲಜ್ಜಿ,” ಎಂದೆ.

“ಶಿವಗ ಗೊತ್ತಿರತೈತಿ,” ಎಂದಳು ಅಜ್ಜಿ. ಆಮೇಲೆ ದನಿ ಇಳಿಸಿ, “ಇಷ್ಟು ವರ್ಷ ಕುಡದಾನಲ್ಲ, ಕುಡೀಲಿ ಬಿಡು. ಯಾರ ಮುಂದೂ ಹೇಳಬ್ಯಾಡ,” ಎಂದಳು.

ನಾನು ಎಲ್ಲರ ಮುಂದೆ ಹೇಳಿದೆ. ಇಡೀ ಮನೆಯ ಸ್ನಾನದ ನೀರು ವರ್ಷಗಟ್ಟಲೆ ಬಾಳೆಯ ತಗ್ಗಿಗೆ ಬೀಳುತ್ತಿತ್ತು. ಪತ್ರಿ ಗಿಡ ಬೇರನ್ನು ಆ ಕಡೆ ಬಿಟ್ಟುಕೊಂಡು, ಬೇಸಿಗೆಯಲ್ಲೂ ಕುಡಿದು ತಣ್ಣಗಿತ್ತು. ಅತ್ತೆ ಬಂದಳೆಂದು ಬಚ್ಚಲು ಹೊಸದಾಯಿತು, ನೀರು ಗಟಾರಕ್ಕೆ ಹೋಯಿತು, ಬಾಳೆ ಸತ್ತಿತು. ಗಿಡ ಸಾಯಲಿಲ್ಲ. ಅದಕ್ಕೆ ಹತ್ತಿರ ಉಳಿದ ತೇವ ಯಾವುದು? ಮನೆಯ ನೆಲದ ಕೆಳಗಿನದು, ಬಿಸಿಲು ಮುಟ್ಟದ್ದು. ಬೇರು ಅದನ್ನು ಎಳೆಯಿತು, ಮೂಲೆಯ ಎರೆ ಒಣಗಿ ಕುಗ್ಗಿತು, ಮೂಲೆ ಇಳಿಯಿತು. ಮೇಲೆ ಅಗಲ, ಕೆಳಗೆ ಸಣ್ಣದಾಗಿರುವ ಬಿರುಕು ಹೇಳುವುದೂ ಅದನ್ನೇ, ಮೂಲೆ ಮನೆಯಿಂದ ಹೊರಕ್ಕೆ ವಾಲುತ್ತಿದೆ ಎಂದು. ಅತ್ತೆ, ಬಿರುಕು ಎರಡಕ್ಕೂ ನಡುವೆ ಇದ್ದದ್ದು ಒಂದು ಕೆಂಪು ಪೈಪು.

ಅಪ್ಪ ಎದ್ದು ಹೋಗಿ ಬಚ್ಚಲ ಹಿಂದೆ ಬಗ್ಗಿ ಪೈಪನ್ನು ನೋಡಿ ಬಂದರು.

“ಹಂಗಾರ ಗಿಡಾ ಕಡೀಬೇಕೇನು?” ಕಾಕಾ ಕೇಳಿದರು. ಸವಾಲು ಹಾಕುವ ದನಿ. ಅಜ್ಜಿ ಕಿವಿ ಮುಚ್ಚಿಕೊಂಡಳು.

ಶಿವನ ಗಿಡವನ್ನು ಕಡಿಯುವ ಮಾತಿಗೆ ಇಡೀ ಪಡಸಾಲೆ ನಡುಗಿತು. ದಿನವೂ ಅದರ ಪತ್ರಿ ಬಿಡಿಸುವವಳನ್ನು ಕಳಿಸುವ ಮಾತಿಗೆ ಯಾರೂ ನಡುಗಿರಲಿಲ್ಲ. ಇದನ್ನು ಅಂದು ಬಾಯಿಬಿಟ್ಟು ಹೇಳಿದೆ. ಇಂದೂ ಹೇಳುತ್ತೇನೆ.

ಗಿಡ ಕಡಿಯಬೇಕಿಲ್ಲ, ನೀರು ತಿರುಗಿಸಿದರೆ ಸಾಕು. ಮರುದಿನ ನಳದ ಕೆಲಸದವನನ್ನು ಕರೆಸಿ, ಬಚ್ಚಲ ನೀರನ್ನು ಗೋಡೆಯಿಂದ ದೂರ, ಗಿಡದ ಆಚೆಯ ಹಳೆಯ ತಗ್ಗಿಗೆ ಬಿಡಿಸಿದೆ. ಯಾರ್ಡಿನಿಂದ ಬಂದ ಕಾಕಾ ಅಗೆದ ಮಣ್ಣು ನೋಡಿದರು.

“ಯಾರನ್ನ ಕೇಳಿ ಮಾಡಿಸಿದಿ?”

“ಯಾರನ್ನೂ ಕೇಳಿಲ್ರಿ.”

“ಈ ಮನ್ಯಾಗ ಹೆಣ್ಣುಮಕ್ಕಳು...”

“ನಾಕ ಮಂದಿ ಅದೇವ್ರಿ ಕಾಕಾ. ನಾಕೂ ಮಂದಿ ದಿನಾ ಜಳಕಾ ಮಾಡ್ತೇವಿ. ನೀರು ನಮ್ಮದೂ ಐತಿ.”

ಅಡಿಗೆಮನೆಯಿಂದ ಅವ್ವ ಕೆಮ್ಮಿದಳು. ಅವಳು ನಗು ನುಂಗುವಾಗ ಹಾಗೆ ಕೆಮ್ಮುತ್ತಾಳೆ.

ಇಲ್ಲಿ ಒಂದು ಮಾತನ್ನು ಸರಿಯಾಗಿ ಹೇಳಬೇಕು. ಪೈಪು ತಿರುಗಿಸಿದ ತಕ್ಷಣ ಬೇರು ತಿರುಗುವುದಿಲ್ಲ, ಅದಕ್ಕೆ ವರ್ಷಗಳು ಬೇಕು. ಆ ವರ್ಷ ಬಿರುಕನ್ನು ಮುಚ್ಚಬೇಕಾದದ್ದು ಮಳೆಯೇ. ಮಳೆ ತಡವಾಯಿತು. ಮೋಡ ಬಂದು ಧಾರವಾಡದ ಮೇಲೆ ಸುರಿದು ಹುಬ್ಬಳ್ಳಿಗೆ ಬರುವುದರೊಳಗೆ ಖಾಲಿಯಾಗುತ್ತಿತ್ತು. ನಾನು ಬಸ್ಸಿನಲ್ಲಿ ಒದ್ದೆಯಾಗಿ ಹತ್ತಿ, ನಮ್ಮ ಓಣಿಯ ಧೂಳಿನಲ್ಲಿ ಇಳಿಯುತ್ತಿದ್ದೆ. ಕಾಕಾ ಸುಳ್ಳಕ್ಕೆ ಫೋನು ಮಾಡಿ ಖೋಲಿಗೆ ಸುಣ್ಣ ಹಚ್ಚಿಸಲು ಹೇಳಿದರು. ಅತ್ತೆಗೆ ಕೇಳಿಸಲಿ ಎಂದೇ ಪಡಸಾಲೆಯಲ್ಲಿ ನಿಂತು ಹೇಳಿದರು. ಅತ್ತೆ ಹೊಸದಾಗಿ ಸೇರಲು ಬಂದ ಇಬ್ಬರಿಗೆ, “ಶ್ರಾವಣದಿಂದ ಬರ್ರಿ,” ಎಂದು ಅಷ್ಟೇ ಗಟ್ಟಿಯಾಗಿ ಹೇಳಿದಳು.

ಆಮೇಲೆ ಜಿಟಿಜಿಟಿ ಮಳೆ ಹಿಡಿಯಿತು. ಜೋರು ಮಳೆ ಎರೆಯ ಮೇಲೆ ಹರಿದುಹೋಗುತ್ತದೆ, ಜಿಟಿಜಿಟಿ ಒಳಗೆ ಇಳಿಯುತ್ತದೆ. ಪೆನ್ಸಿಲು ಗೀಟುಗಳು ಮೆಲ್ಲಗೆ ಹತ್ತಿರ ಬಂದವು. ನಾನು ಯಾರಿಗೂ ಹೇಳಲಿಲ್ಲ. ಶ್ರಾವಣದ ಹಿಂದಿನ ವಾರ ಅಪ್ಪ ತಾವಾಗಿಯೇ ಅತ್ತೆಯ ಖೋಲಿಗೆ ಬಂದರು, ಹಿಂದೆ ಕಾಕಾ. ಅಪ್ಪ ಬಿರುಕಿನ ಮೇಲೆ ಬೆರಳು ಆಡಿಸಿದರು. ಉಗುರು ಸಿಕ್ಕಿಸಿ ನೋಡಿದರು. ಉಗುರು ಹೋಗಲಿಲ್ಲ. ಅತ್ತೆ ಯಂತ್ರದ ಮುಂದೆಯೇ ಕೂತಿದ್ದಳು, ಏಳಲಿಲ್ಲ.

“ಮುಚ್ಚೈತಿ,” ಎಂದರು ಅಪ್ಪ.

“ಬ್ಯಾಸಿಗ್ಯಾಗ ಮತ್ತ ಬಿಡತೈತಿ, ಇಷ್ಟು ಅಲ್ಲ,” ಎಂದೆ. ಗೆದ್ದ ಹೊತ್ತಿನಲ್ಲೂ ಅಳತೆ ತಪ್ಪಬಾರದು.

ಕಾಕಾ ಗೋಡೆಯನ್ನೇ ನೋಡುತ್ತಿದ್ದರು. “ಮುಚ್ಚಿದ್ದು ಛಲೋನ ಆತು. ಆದ್ರೂ ಪಂಡಿತ್ರು ಹೇಳಿದ್ದು ಹೇಳಿದ್ದ. ಮದುವಿ ಮನಿ. ಬರೂ ಸೊಸಿ ಎಲ್ಲಿರಬೇಕು? ಮಂದಿ ಏನಂತಾರ?”

ಆಗ ನನಗೆ ತಿಳಿಯಿತು. ಇಷ್ಟು ದಿನ ನಾನು ಬಿರುಕಿನ ಜೊತೆ ವಾದಿಸುತ್ತಿದ್ದೆ, ಅವರು ಬಿರುಕಿನ ಮಾತನ್ನೇ ಆಡುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಬೆಳಕಿರುವ, ಬೇರೆ ಬಾಗಿಲಿರುವ ಒಂದು ಖೋಲಿ. ತಂಗಿಯನ್ನು, ಅಕ್ಕನನ್ನು ಎಬ್ಬಿಸಿ ಅದನ್ನು ತೆಗೆದುಕೊಳ್ಳಲು ನಾಚಿಕೆ. ದಿಕ್ಕಿನ ಹೆಸರಿನಲ್ಲಿ ತೆಗೆದುಕೊಂಡರೆ ನಾಚಿಕೆ ಇಲ್ಲ. ಹಾಗಾದರೆ ಮಣ್ಣು, ನೀರು, ಬೇರು ಎಂದು ನಾನು ಹೇಳಿದ್ದೆಲ್ಲ ವ್ಯರ್ಥವೇ? ಅಲ್ಲ ಎಂದೇ ಈಗಲೂ ನನ್ನ ವಾದ. ಕಾರಣ ತಿಳಿಸಿದರೆ ಮನಸ್ಸು ಬದಲಾಗುತ್ತದೆ ಎಂದು ನಾನು ಸಭೆಗಳಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ. ಕಾರಣ ತಿಳಿದ ಮೇಲೆ ಅಡಗಿಕೊಳ್ಳಲು ಜಾಗ ಉಳಿಯುವುದಿಲ್ಲ, ಅಷ್ಟು ಹೇಳುತ್ತೇನೆ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮಾತಾಡಿದಳು.

“ತಮ್ಮಾ, ನಿನಗ ಖೋಲಿ ಬೇಕಾಗಿದ್ರ ಖೋಲಿ ಬೇಕಂತ ಕೇಳು. ಗ್ವಾಡಿ ಮ್ಯಾಲ ಯಾಕ ಹಾಕ್ತಿ?”

ಕಾಕಾ ಅಪ್ಪನ ಮುಖ ನೋಡಿದರು. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು.

“ಕೇಳಿದ್ರ ಬಿಡ್ತೀಯೇನು?” ಎಂದರು ಕಾಕಾ.

“ಇಲ್ಲ,” ಎಂದಳು ಅತ್ತೆ. “ಆದ್ರ ಕೇಳು.”

 ಹೊರಬಾಗಿಲಲ್ಲಿ ಹೆಣ್ಣುಮಕ್ಕಳು ಚಪ್ಪಲಿ ಬಿಡುವ ಸಪ್ಪಳವಾಯಿತು. ಅಕ್ಕಾರ, ಒಳಗ ಬರೂಣೇನ್ರಿ ಎಂದು ಯಾರೋ ಕೂಗಿದರು. ಅತ್ತೆ ತಮ್ಮನ ಮುಖದಿಂದ ಕಣ್ಣು ತೆಗೆಯದೆ, “ಬರ್ರಿ,” ಎಂದಳು.

ಕಾಕಾ ಖೋಲಿ ಬೇಕೆಂದು ಕೇಳಲಿಲ್ಲ. ಮರುವಾರ ಮೇಸ್ತ್ರಿಯನ್ನು ಕರೆದುಕೊಂಡು ಮಾಳಿಗೆ ಹತ್ತಿ, ಮಗನಿಗೆ ಮೇಲೊಂದು ಖೋಲಿ ಕಟ್ಟಿಸುವ ಮಾತು ತೆಗೆದರು.